ನಾಲ್ಕು ಅಂದ್ರ ಐದು

ಶಹಾಬಾದಿನಾಗ ಎಲ್ಲಾ ಫರಸಿ.
ಅಡಿಗಿ ಕಟ್ಟಿ, ಬಚ್ಚಲ, ಗ್ವಾದಲಿ, ಗೋರಿ.
ನಾ ಹುಟ್ಟಿದ್ದು ಅದರ ಮ್ಯಾಲ,
ಆಯಿ ಹೆಣಕ್ಕ ನೀರು ಹಾಕಿದ್ದೂ ಅದರ ಮ್ಯಾಲ.
ಅದನ್ನ ಬಿಟ್ಟು ದಿನಾ ಮುಂಜಾನೆ ಆರೂವರಿ ರೈಲಿಗೆ
ಕಲಬುರಗಿಗೆ ಹೋಗಿ
ಬ್ಯಾರೆ ದೇಶದ ಕಲ್ಲು ಓದ್ತೀನಿ.

ತಸ್ಕೀನ್ ಮೇಡಂ ಕಿಟಕಿಗೆ ಕರೇ ಪರದೆ ಎಳದು
ಗ್ವಾಡಿಗೆ ಬೆಳಕು ಬಿಡ್ತಾರ.
ಈಜಿಪ್ತಿನ ಆಳು ಹೆಣ್ಮಗಳೊಬ್ಬಾಕಿ
ನಾಲ್ಕು ಸಾವಿರ ವರ್ಷದಿಂದ ಮಣಕಾಲೂರಿ
ಹಿಟ್ಟು ಬೀಸ್ಲತ್ತಾಳ,
ರೊಟ್ಟಿ ಇನ್ನೂ ಆಗಿಲ್ಲ.
ಗ್ರೀಸಿನ ದ್ವೀಪದ ಹಾಲುಗಲ್ಲಿನಾಕಿ ಕೈ ಕಟ್ಟಿ ನಿಂತಾಳ,
ಮುಖದಾಗ ಮೂಗೊಂದೇ.
ನೈಜೀರಿಯಾದ ಸುಟ್ಟಮಣ್ಣಿನ ತಲಿ, ಕಣ್ಣಾಗ ತೂತು:
"ಆ ತೂತಿನಾಗಿಂದ ಏನು ನೋಡ್ತಾನ, ಮೇಡಂ?"
"ಏನಿಲ್ಲ. ಭಟ್ಟಿಯೊಳಗ ಒಡೀಬಾರ್ದು ಅಂತ
ಗಾಳಿಗೆ ಬಿಟ್ಟ ದಾರಿ ಇದ್ದೀತು."

ನಮ್ಮ ಸನ್ನತಿ ಪುಸ್ತಕದಾಗ ಅರ್ಧ ಸಾಲು.
ಅದಕ್ಕ ಪೆನ್ಸಿಲ್ಲಿಲೆ ಗೆರಿ ಎಳದೆ,
ಮತ್ತೊಮ್ಮೆ ಎಳದೆ,
ಕಾಗದ ಹರೀತು.

ಹೋದ ಶುಕ್ರವಾರ ಗ್ವಾಡಿ ತುಂಬ ಕೈ.
ಫ್ರಾನ್ಸಿನ ಯಾವುದೋ ಗವಿ.
ಕಲ್ಲಿಗೆ ಅಂಗೈ ಹಚ್ಚಿ, ಬಾಯಾಗಿನ ಕೆಮ್ಮಣ್ಣು ಊದಿ
ಕೈ ತಗದ್ರಂದ್ರ
ಉಳಿಯೋದು ಕೈ ಇಲ್ಲದ ಜಾಗ.
ಎಷ್ಟೋ ಕೈಗೆ ಬೆರಳು ಕಡಿಮಿ.
"ಕಾರಣ ಬರಕೋರಿ, ಪರೀಕ್ಷಾಕ್ಕ ಬರ್ತದ":
ಚಳಿಗೆ ಉದುರಿರಬಹುದು, ದೇವರಿಗೆ ಕೊಟ್ಟಿರಬಹುದು,
ರೋಗ ಇರಬಹುದು, ಬರೇ ಮಡಚಿರಬಹುದು.
ಎಲ್ಲಾ ಸಾಲಿಗೂ ಬಹುದಿನ ಬಾಲ.
ನನ್ನ ಪೆನ್ನು ನಿಂತಿತು.

ಅಪ್ಪನ ಬಲಗೈ ಕಿರಿಬೆರಳು
ಕಟಿಂಗ್ ಮಷೀನ್ ತಗೊಂಡು ಹನ್ನೆರಡು ವರ್ಷ.
ಮಾಲಕರು ಹದಿನೈದು ದಿನದ ಪಗಾರ ಕೊಟ್ಟು
ಕಾಗದದ ಮ್ಯಾಲ ಹೆಬ್ಬೆಟ್ಟು ಒತ್ತಿಸ್ಕೊಂಡ್ರು.
ಅದು ಉಳದಿತ್ತಲ್ಲ.

ರಾತ್ರಿ ಪುಸ್ತಕ ತೆರದಿಟ್ಟೆ.
ಅಪ್ಪ ಜಳಕ ಮಾಡಿ ಬಂದ;
ಕಿವಿ ಸಂದಿಯ ಬಿಳಿ ಹುಡಿ ಎಷ್ಟು ತೊಳದ್ರೂ ಹೋಗಂಗಿಲ್ಲ.
ಚಿತ್ರದ ಮ್ಯಾಲ ಕೈ ಇಟ್ಟು ಅಳತಿ ನೋಡ್ತಾನ ಅನಕೊಂಡೆ.
ನೋಡ್ಲಿಲ್ಲ. ಕಣ್ಣು ಸಣ್ಣ ಮಾಡಿ,
ಲಾರಿ ದೂರದಾಗ ಇದ್ದಾಗ ನೋಡ್ತಾನಲ್ಲ, ಹಂಗ ನೋಡಿ
"ಮಡಿಚ್ಯಾರ" ಅಂದ.

ಹ್ಯಾಂಗ ಗೊತ್ತು?

"ಮಷೀನ್ ಚಾಲೂ ಇದ್ರ ಮಾತು ಕೇಳಸ್ತದೇನವ್ವ?
ಎರಡು ಅಡಿ ಅಂದ್ರ ಎರಡು ಬೆರಳು,
ಮ್ಯಾಲ ಅರ್ಧಕ್ಕ ಇನ್ನೊಂದು ಅರ್ಧ ಮಡಚೋದು.
ಇವರಿಗೂ ಒಳಗ ಗದ್ಲ ಇತ್ತೋ,
ಇಲ್ಲಾ ಸಪ್ಪಳ ಮಾಡಬಾರದಂಥ ಹೊತ್ತಿತ್ತೋ."

ನಾಲ್ಕೇ ಬೆರಳಿನಾಗ ನೀ ಐದು ಹ್ಯಾಂಗ ತೋರಿಸ್ತಿ?

ನಕ್ಕ. "ಲಾರಿ ಖಾಜಾಮಿಯಾಗ, ಹಮಾಲ ಮಲ್ಕಪ್ಪಗ,
ಪಾಲಿಶಿನ ಹೆಂಗಸರಿಗೆ, ಎಲ್ಲಾರಿಗೂ ಗೊತ್ತದ.
ನಂದು ನಾಲ್ಕು ಅಂದ್ರ ಐದು."

ಖರೇ ನಾಲ್ಕು ಬೇಕಾದ್ರ?

"ಎಡಗೈ."

ಅವ್ವ ಒಲಿ ಮುಂದ ನಗ್ಲತ್ತಿದ್ಳು.
ನಾ ಪುಸ್ತಕ ನೋಡ್ತಾ ಕುಂತೆ.
ಇಪ್ಪತ್ತೇಳು ಸಾವಿರ ವರ್ಷದ ಹಿಂದ
ಆ ಗವಿಯಾಗೂ ಯಾವನದೋ ನಾಲ್ಕು
ಐದಾಗಿತ್ತೇನೋ.
ಸುತ್ತ ಇದ್ದವರಿಗೆಲ್ಲ ಗೊತ್ತಿತ್ತೇನೋ.
ಗೊತ್ತಿದ್ದವರು ಒಬ್ಬೊಬ್ಬರೇ ಹೋದ ಮ್ಯಾಲ
ಕೈ ಉಳೀತು,
ಲೆಕ್ಕ ಹೋತು.

"ಅದೂ ಸುಣ್ಣದಕಲ್ಲೇ, ಅಪ್ಪಾ. ನಮ್ಮಂಥದೇ."
ಅಪ್ಪ ಚಿತ್ರದ ಅಂಚಿಗೆ, ಕೈಗಳಿಲ್ಲದ ಕಡಿ,
ಉಗುರಿಲೆ ಮೆಲ್ಲಕ ಬಡದು ನೋಡ್ದ,
ಕಾಗದ ಅಂತ ಮರತು.
"ಪಾಲಿಶ್ ಚಲೋ ಹಿಡೀತಿತ್ತು" ಅಂದ.
ಆಮ್ಯಾಲ, ಲೈಟ್ ಆರಿಸಿ, ಕತ್ತಲದಾಗ:
"ಯಾರೂ ಹಿಡೀಲಿಲ್ಲ, ಚಲೋ ಆತು."